ಮೂವತ್ತೆಂಟು, ಲೋಡು, ಕೆಳಕ್ಕೆ

ಕಾರ್ನಿ ವೀಬೆಗೆ ಐವತ್ತೆಂಟು ವರ್ಷ, ಅವನ ಲಾರಿಗೆ ಹದಿನಾಲ್ಕು. ಇಬ್ಬರಲ್ಲಿ ಹೆಚ್ಚು ಉಪಚಾರ ನಡೆಯುತ್ತಿದ್ದುದು ಲಾರಿಗೇ. ಚಳಿಗಾಲದ ರಾತ್ರಿ ಕಾರ್ನಿ ಒಂದು ಕಂಬಳಿಯಲ್ಲಿ ಮಲಗಿದರೆ, ಅಂಗಳದಲ್ಲಿ ಲಾರಿ ಎಂಜಿನ್ನಿಗೆ ಕಾವು ಕೊಡುವ ಕರೆಂಟಿನ ತಂತಿ ಚುಚ್ಚಿಸಿಕೊಂಡು, ಮೂತಿಗೆ ಕ್ಯಾನ್‌ವಾಸಿನ ಮುಸುಕು ಹಾಕಿಕೊಂಡು ಬೆಚ್ಚಗೆ ನಿದ್ದೆ ಹೊಡೆಯುತ್ತಿತ್ತು. "ನಾನು ಸತ್ತರೆ ನನ್ನೂ ಅಂಗಳದಲ್ಲೇ ನಿಲ್ಲಿಸಿ ಪ್ಲಗ್ಗು ಹಾಕು, ಎದ್ದರೂ ಎದ್ದೆ," ಎಂದು ಅವನ ಹೆಂಡತಿ ಸಾರಾ ಹೇಳುತ್ತಿದ್ದಳು. ಅವಳು ಶಾಲೆಯ ಬಸ್ಸು ಓಡಿಸುವವಳು. ಮೂವತ್ತು ಮಕ್ಕಳನ್ನು ಸುಮ್ಮನಿರಿಸಿ ರೂಢಿಯಾದವಳಿಗೆ ಒಬ್ಬ ಗಂಡನನ್ನು ಸುಮ್ಮನಿರಿಸುವುದು ಮಾತ್ರ ಆಗಿರಲಿಲ್ಲ.

ವ್ಯಾಂಡರ್‌ಹೂಫ್ ಊರಿನ ಉತ್ತರಕ್ಕೆ ಕಾಡು. ಕಾಡಿನಲ್ಲಿ ನೆಲ ಗಟ್ಟಿಯಾಗುವುದು ಚಳಿಗೆ. ಹಾಗಾಗಿ ಮರ ಸಾಗಿಸುವವರಿಗೆ ನವೆಂಬರಿನಿಂದ ಮಾರ್ಚಿನವರೆಗೆ ಸುಗ್ಗಿ. ಮಿಕ್ಕವರು ಹಿಮ ಕಂಡು ಹಿಮ್ಮೆಟ್ಟಿದರೆ ಇವರು ಹಿಮ ಮೆಟ್ಟಿಯೇ ಹೊಟ್ಟೆ ಹೊರೆಯಬೇಕು. ಕಾರ್ನಿ ಮೂವತ್ತೊಂದು ಚಳಿಗಾಲ ಮೆಟ್ಟಿದ್ದ. ಸ್ವಂತ ಲಾರಿ, ಸ್ವಂತ ಹೆಸರು. ಬಾಗಿಲ ಮೇಲೆ ಹಳದಿ ಅಕ್ಷರದಲ್ಲಿ ‘ಸಿ. ವೀಬೆ’ ಎಂದು ಅವನೇ ಬರೆದದ್ದು. ಮುಂದೆ ಮೂಸ್ ಎಂಬ ದೈತ್ಯ ಜಿಂಕೆ ಅಡ್ಡ ಬಂದರೆ ತಡೆಯಲು ಎದೆಯೆತ್ತರದ ಉಕ್ಕಿನ ಬೇಲಿ. ರೈಲಿನಿಂದ ಕಿತ್ತು ತಂದಂಥ ಹಾರನ್ನು. ಸೀಟಿನ ಕೆಳಗೆ ಸಲಿಕೆ, ಮೇಣದಬತ್ತಿ, ಎರಡು ಕಂಬಳಿ, ಬ್ರೇಕಿನ ಗಾಳಿಕೊಳವೆ ಹೆಪ್ಪುಗಟ್ಟದಿರಲೆಂದು ಒಂದು ಸೀಸೆ ಸ್ಪಿರಿಟ್ಟು. ಆ ಸೀಸೆಯಿಂದ ಕುಡಿಯುವ ಹಕ್ಕು ಬ್ರೇಕಿಗೆ ಮಾತ್ರ. ಕಾರ್ನಿ ಕುಡಿತ ಒಪ್ಪದ ಮೆನೊನೈಟ್ ಚರ್ಚಿನವನು.

ಈ ಚಳಿಗಾಲದ ಹೊಸ ಸೇರ್ಪಡೆ ದೀಪಗಳು. ಹಳೆಯ ಹಳದಿ ಬಲ್ಬುಗಳನ್ನೆಲ್ಲ ಕಿತ್ತೆಸೆದು ಎಲ್‌ಇಡಿ ಹಾಕಿದ. ಹೆಡ್‌ಲೈಟು, ಬೇಲಿಯ ಮೇಲೊಂದು ಸಾಲು, ನೆತ್ತಿಯ ಮೇಲೊಂದು ಸಾಲು, ಒಟ್ಟು ಇಪ್ಪತ್ತೆರಡು. ದೇವರು ಲೋಕಕ್ಕೆ ಬೆಳಕು ಕೊಟ್ಟದ್ದು ಒಂದೇ ದಿನದಲ್ಲಿ. ಕಾರ್ನಿಗೆ ನಾಲ್ಕು ಶನಿವಾರ ಹಿಡಿಯಿತು. ಹಚ್ಚಿ ತೋರಿಸಿದಾಗ ಎದುರು ಮನೆಯ ನಾಯಿ ಬೆಳಗಾಯಿತೆಂದು ಬೊಗಳಿತು.

"ಚೆನ್ನಾಗಿದೆ," ಎಂದಳು ಸಾರಾ, ಕಣ್ಣಿಗೆ ಕೈ ಅಡ್ಡ ಹಿಡಿದು. "ಇದು ನಿನಗೆ ರಸ್ತೆ ಕಾಣೋಕೋ, ರಸ್ತೇಗೆ ನೀನು ಕಾಣೋಕೋ?"

ಹಳೆಯ ಬಲ್ಬು ಅರ್ಧ ದೀಪ, ಅರ್ಧ ಒಲೆ. ಹಿಮ ಬಿದ್ದರೆ ಅದರ ಕಾವಿಗೆ ಕರಗಿ ಜಾರಿಹೋಗುತ್ತದೆ. ಎಲ್‌ಇಡಿಯ ಮುಖ ತಣ್ಣಗಿರುತ್ತದೆ. ಇದು ಕಾರ್ನಿಗೆ ಗೊತ್ತಿರಲಿಲ್ಲವೆಂದಲ್ಲ. ಡಿಸೆಂಬರ್, ಜನವರಿ ಎರಡು ತಿಂಗಳೂ ಮೈನಸ್ ಇಪ್ಪತ್ತೈದು, ಮೂವತ್ತು. ಆ ಚಳಿಯ ಹಿಮ ಹಿಟ್ಟಿನಂತೆ ಒಣಗಿರುತ್ತದೆ. ಯಾವುದಕ್ಕೂ ಅಂಟುವುದಿಲ್ಲ, ಚಕ್ರ ಅದನ್ನು ಕಚ್ಚಿ ಹಿಡಿಯುತ್ತದೆ. ಆ ಚಳಿಯನ್ನು ನಂಬಬಹುದು. ನಂಬಬಾರದ್ದು ಬೆಚ್ಚಗಿನ ದಿನವನ್ನು. ಫೆಬ್ರವರಿಯ ಎರಡನೆಯ ವಾರ ಪೆಸಿಫಿಕ್ ಕಡೆಯಿಂದ ಗಾಳಿ ತಿರುಗಿತು. ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಏರಿತು. ಊರಲ್ಲಿ ಜನ ಕೋಟಿನ ಗುಂಡಿ ಬಿಚ್ಚಿ ನಗುತ್ತ ಓಡಾಡಿದರು. ಲಾರಿಯವರು ಮಾತ್ರ ನಗಲಿಲ್ಲ.

ಆ ಗುರುವಾರ ಮಧ್ಯಾಹ್ನ ಎರಡೂವರೆಗೆ ಕಾರ್ನಿ ಐವತ್ತೆರಡನೆಯ ಕಿಲೋಮೀಟರಿನಲ್ಲಿ ಮರ ಹೇರಿಸಿಕೊಂಡು ಹೊರಟ. ಅರವತ್ತು ಟನ್ನಿಗೂ ಮೇಲೆ ಭಾರ. ಆಕಾಶ ಕೆಳಗಿಳಿದು ಮರದ ತುದಿಯ ಮೇಲೆ ಕೂತಿತ್ತು. ತೊಪ್ಪೆತೊಪ್ಪೆಯಾಗಿ ಒದ್ದೆ ಹಿಮ ಬೀಳತೊಡಗಿತ್ತು.

ಕಾಡಿನ ಆ ರಸ್ತೆ ಒಂದೇ ಲಾರಿಯಗಲ. ಕಿಲೋಮೀಟರಿಗೊಂದು ಫಲಕ. ಅಲ್ಲಲ್ಲಿ ಸರಿದು ನಿಲ್ಲಲು ಅಗಲ ಜಾಗ. ಪ್ರತಿ ಫಲಕ ದಾಟುವಾಗಲೂ ರೇಡಿಯೋದಲ್ಲಿ ಕೂಗಬೇಕು: ಸಂಖ್ಯೆ, ಲೋಡೋ ಖಾಲಿಯೋ, ಮೇಲಕ್ಕೋ ಕೆಳಕ್ಕೋ. ಲೋಡಿನವನಿಗೆ ದಾರಿ, ಖಾಲಿಯವನು ಸರಿದು ನಿಲ್ಲುತ್ತಾನೆ. ಪೊಲೀಸಿಲ್ಲ, ಸಿಗ್ನಲ್ಲಿಲ್ಲ. ಇಡೀ ರಸ್ತೆ ನಡೆಯುವುದು ಮಾತಿನ ಮೇಲೆ. ಇನ್ನೊಂದು ಕಟ್ಟುಪಾಡು: ಕಂಡ ಫಲಕವನ್ನು ಮಾತ್ರ ಕೂಗಬೇಕು.

"ಇಪ್ಪತ್ತೇಳು, ಖಾಲಿ, ಮೇಲಕ್ಕೆ," ಎಂದು ರೇಡಿಯೋದಲ್ಲಿ ವರ್ನಾ ಆಂಟ್ವಾನಳ ದನಿ. ಸ್ಟುವರ್ಟ್ ಸರೋವರದ ದಂಡೆಯ ಡಕೆಲ್ ಬುಡಕಟ್ಟಿನ ಹೆಂಗಸು, ನಲವತ್ತೈದರವಳು; ಗಂಟಲಿನಲ್ಲಿ ಸದಾ ಒಣಗಿಸಿದ ಮೂಸ್ ಮಾಂಸದ ಚೂರೊಂದು ಸಿಕ್ಕಿಕೊಂಡಂಥ ದನಿ. "ಫಲಕಕ್ಕೆ ಹಿಮ ಮೆತ್ತಿದೆ. ಇಳಿದು ಒರೆಸಿ ನೋಡಿದೆ. ಇಪ್ಪತ್ತೇಳೇ."

"ಇಳಿದು ಓದ್ತೀಯಾ ತಾಯಿ? ಕನ್ನಡಕ ಕೊಡಿಸ್ಲಾ?" ಎಂದ ಕಾರ್ನಿ.

"ನಿನ್ನ ತರ ಕ್ರಿಸ್‌ಮಸ್ ಮರ ಕಟ್ಕೊಂಡು ಓಡಾಡೋ ಭಾಗ್ಯ ನಮಗಿಲ್ಲ ಕಣೋ ಮುದುಕಪ್ಪ. ನಮ್ದು ಹಳೇ ಗಾಡಿ, ಹಳೇ ಬಲ್ಬು."

ರೇಡಿಯೋದಲ್ಲಿ ಇಬ್ಬರು ಮೂವರು ನಕ್ಕರು. ಅವರಲ್ಲಿ ಡೇಲ್ ಹೀಬರ್ಟ್ ಜೋರಾಗಿ ನಕ್ಕ. ಅವನು ಕಾರ್ನಿಯ ತಂಗಿಯ ಮಗ, ಮೂವತ್ತೈದರವನು; ಲೋಡು ಹೊತ್ತು ಮಾವನ ಹಿಂದೆಯೇ ಇಳಿಯುತ್ತಿದ್ದ.

ನಲವತ್ತೇಳರ ಹತ್ತಿರ ಕಾರ್ನಿಯ ಕ್ರಿಸ್‌ಮಸ್ ಮರ ಮಂಕಾಯಿತು. ದೀಪ ಆರಿರಲಿಲ್ಲ, ಹಿಮದ ಗೋಡೆಯ ಹಿಂದೆ ಉರಿಯುತ್ತಿತ್ತು. ಉಕ್ಕಿನ ಬೇಲಿ ಬೀಳುವ ಹಿಮವನ್ನು ಜೋಳಿಗೆಯಂತೆ ಹಿಡಿದು ದೀಪಗಳ ಮುಖಕ್ಕೆ ತುಂಬುತ್ತಿತ್ತು. ಕಾರ್ನಿ ಲಾರಿ ನಿಲ್ಲಿಸಿ ಇಳಿದು ಇಪ್ಪತ್ತೆರಡನ್ನೂ ಒರೆಸಿದ. ಎರಡು ಕಿಲೋಮೀಟರಿಗೆ ಮತ್ತೆ ಅದೇ ಕತೆ. ಮತ್ತೆ ನಿಲ್ಲಿಸಿ, ಇಳಿದು, ಒರೆಸಿ, ಹತ್ತಿದ.

"ಏನು ಮಾವ, ಇನ್ನೂ ನಲವತ್ತೈದು ಅಂತಿದ್ದೀಯಾ?" ಎಂದು ಡೇಲ್ ಕೇಳಿದ. "ದೀಪ ಒರೆಸ್ತಿದ್ದೀಯೋ, ಆರತಿ ಎತ್ತಿಸ್ಕೊಳ್ತಿದ್ದೀಯೋ?"

ಎಲ್ಲರೂ ನಕ್ಕರು. ಕಾರ್ನಿಯೂ ನಕ್ಕ. ಮೂರನೆಯ ಸಲ ಮಾತ್ರ ಅವನು ಇಳಿಯಲಿಲ್ಲ.

ಅವನ ತಪ್ಪು ಅಷ್ಟೇ. ಹಿಂದೆ ತಿರುಗಿ ನೋಡಿದರೆ ಅದಕ್ಕಿಂತ ದೊಡ್ಡದು ಸಿಗುವುದಿಲ್ಲ.

ಎದುರಿಗೆ ಹದಿನೈದಡಿ ಬೂದುಬಣ್ಣ, ಅದರಾಚೆ ಏನೂ ಇಲ್ಲ. ಫಲಕಗಳು ಕಾಣಲಿಲ್ಲ. ಕಂಡ ಒಂದಕ್ಕೂ ಬಿಳಿಯ ಸುಣ್ಣ ಬಳಿದಂತಿತ್ತು. ಆದರೆ ಮೂವತ್ತೊಂದು ವರ್ಷದ ರಸ್ತೆ. ಇಲ್ಲೊಂದು ಎಡತಿರುವು, ಇಲ್ಲೊಂದು ಸೇತುವೆಯ ದಡಬಡ. ಫಲಕಗಳನ್ನು ನೆನಪಿನಿಂದ ಕೂಗುತ್ತ ಹೋದ. "ನಲವತ್ತೆರಡು, ಲೋಡು, ಕೆಳಕ್ಕೆ." ಸ್ವಲ್ಪ ಹೊತ್ತಿಗೆ, "ನಲವತ್ತೊಂದು, ಲೋಡು, ಕೆಳಕ್ಕೆ." ದನಿಯಲ್ಲಿ ಒಂದು ಕೂದಲೆಳೆಯಷ್ಟೂ ಅನುಮಾನವಿಲ್ಲ. ಮೀಟರು ನೋಡಿ ಲೆಕ್ಕ ಹಾಕಬಹುದಿತ್ತು. ಆದರೆ ಲಾರಿ ಗಡಿಯಾಚೆಯ ಮೊಂಟಾನಾದಿಂದ ತಂದದ್ದು, ಮೀಟರಿನಲ್ಲಿ ಮೈಲಿ. ಮೀಟರು ನೋಡಿ ರಸ್ತೆ ತಿಳಿಯುವುದು ಹೊಸಬರ ಕೆಲಸವೆಂದು ಅವನೇ ಎಷ್ಟು ಜನರನ್ನು ಗೇಲಿ ಮಾಡಿದ್ದನೋ.

ಹಿಮ ಸುರಿಯುವಾಗ ವೇಗ ಮೈಗೆ ತಿಳಿಯುವುದಿಲ್ಲ. ಹತ್ತಿಯ ಮೂಟೆಯೊಳಗೆ ಕೂತಂತೆ. ತಾನು ತೆವಳುತ್ತಿದ್ದೇನೆಂದು ಕಾರ್ನಿ ತಿಳಿದಿದ್ದ. ಲಾರಿ ತೆವಳುತ್ತಿರಲಿಲ್ಲ.

ಮೂವತ್ತಾರನೆಯ ಫಲಕದಿಂದ ದೊಡ್ಡ ಇಳಿಜಾರು ಶುರು. ಮೂವತ್ತೊಂದರವರೆಗೆ ಐದು ಕಿಲೋಮೀಟರ್. ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ಮರದ ತುದಿಗಳು ಕಾಲ ಕೆಳಗೆ. ಇಳಿಜಾರಿನ ನೆತ್ತಿಯಲ್ಲಿ ಒಂದು ಬಯಲಿದೆ. ಇಂಥ ದಿನ ಲೋಡಿನ ಲಾರಿ ಅಲ್ಲಿ ನಿಂತು ಚಕ್ರಗಳಿಗೆ ಉಕ್ಕಿನ ಚೈನು ಕಟ್ಟಿಕೊಳ್ಳದೆ ಇಳಿಯುವುದಿಲ್ಲ. ಒದ್ದೆ ಹಿಮದಲ್ಲಿ ಮೊಣಕಾಲೂರಿ ಅರ್ಧ ಗಂಟೆಯ ಕೆಲಸ. ಹೆಸರು ಚೈನು, ಅದರಲ್ಲಿ ಚೈನಿ ಏನೂ ಇಲ್ಲ.

"ಮೂವತ್ತೊಂಬತ್ತು, ಲೋಡು, ಕೆಳಕ್ಕೆ," ಎಂದ ಕಾರ್ನಿ.

"ಮೂವತ್ತೊಂದು, ಖಾಲಿ, ಮೇಲಕ್ಕೆ," ಎಂದಳು ವರ್ನಾ. "ಇಳಿಜಾರಿಗೆ ಹತ್ತಿದೀನಿ. ನೀನು ಮೇಲೆ ಚೈನು ಕಟ್ಟೋ ಹೊತ್ತಿಗೆ ನಾನು ಮೂವತ್ಮೂರರ ಅಗಲದಲ್ಲಿ ಸರಿದು ನಿಂತು ಕಾಫಿ ಕುಡೀತಿರ್ತೀನಿ. ಅವಸರ ಮಾಡ್ಬೇಡ."

"ನನಗೂ ಒಂದು ಲೋಟ ಇಟ್ಟಿರು."

ಆಗ ಲಾರಿಯ ಮೂತಿ ಬಗ್ಗಿತು. ಮೂವತ್ತೆಂಟರಲ್ಲಿ ಒಂದು ಸಣ್ಣ ತಗ್ಗಿದೆ. ಇಳಿದು, ಒಂದು ಉಸಿರಿನಲ್ಲಿ ಏರುತ್ತದೆ. ಕಾರ್ನಿ ಮೈಕು ಎತ್ತಿಕೊಂಡ.

"ಮೂವತ್ತೆಂಟು, ಲೋಡು, ಕೆಳಕ್ಕೆ."

ಒಂದು ಉಸಿರಾಯಿತು. ಎರಡಾಯಿತು. ತಗ್ಗು ಏರಲಿಲ್ಲ.

ಬೆನ್ನು ಸೀಟನ್ನು ಬಿಟ್ಟು ಮೈ ಸ್ಟೀರಿಂಗಿನ ಕಡೆ ಜಾರುತ್ತಿತ್ತು. ಊಟದ ಡಬ್ಬಿ ಮುಂದಕ್ಕೆ ಸರಿದು ಗಾಜಿಗೆ ತಾಗಿ ಟಕ್ಕೆಂದಿತು. ಬೆನ್ನ ಹಿಂದೆ ಮರದ ದಿಮ್ಮಿಗಳು ಒಂದಕ್ಕೊಂದು ಒರಗಿ ನರಳಿದವು. ಆಗ ಕಾರ್ನಿಗೆ ತಿಳಿಯಿತು: ಇದು ಮೂವತ್ತೆಂಟರ ತಗ್ಗಲ್ಲ. ಬಯಲು ಹಿಂದೆ ಹೋಗಿದೆ. ಚೈನುಗಳು ಕೊಕ್ಕೆಯಲ್ಲಿ ನೇತಾಡುತ್ತಿವೆ.

ಬ್ರೇಕು ಒತ್ತುವಂತಿಲ್ಲ, ಒತ್ತಿದರೆ ಹಿಂದಿನ ಟ್ರೈಲರು ಪಕ್ಕದಿಂದ ಬಂದು ಕುಶಲ ವಿಚಾರಿಸುತ್ತದೆ. ಅವನು ಗೇರು ಇಳಿಸಿದ, ಇನ್ನೊಂದು ಇಳಿಸಿದ, ಎಂಜಿನ್ನಿನಿಂದಲೇ ವೇಗ ಕುಗ್ಗಿಸುವ ತಡೆಯನ್ನು ಅರ್ಧಕ್ಕಿಟ್ಟ. ಹಿಂದಿನ ಚಕ್ರ ಒಮ್ಮೆ ಜಾರಿ ಮತ್ತೆ ಹಿಡಿಯಿತು. ಮಾಡುವಷ್ಟೂ ಮಾಡಿಯಾಯಿತು. ಇನ್ನು ಉಳಿದದ್ದು ಒಂದು ಮಾತು. ಕೆಳಗೆ ವರ್ನಾ ಇದ್ದಾಳೆ. ಇವನು ಏಳು ಕಿಲೋಮೀಟರ್ ಮೇಲಿದ್ದಾನೆಂದು, ಅರ್ಧ ಗಂಟೆ ನಿಲ್ಲುತ್ತಾನೆಂದು ನಂಬಿ ನಿಧಾನಕ್ಕೆ ಹತ್ತುತ್ತಿದ್ದಾಳೆ. ಇವನೀಗ ಮೂವತ್ತಾರರ ಕೆಳಗಿದ್ದಾನೆಯೇ? ಮೂವತ್ತೈದೇ? ಮೂವತ್ತಮೂರರ ಅಗಲ ಜಾಗವೇ ದಾಟಿಹೋಗಿದ್ದರೆ?

ಒಂದು ಸಂಖ್ಯೆ ಹೇಳಬಹುದಿತ್ತು. ‘ಮೂವತ್ತೈದು’ ಎಂದು ತಿದ್ದಿಬಿಟ್ಟರೆ ಮಾನವೂ ಉಳಿಯುತ್ತಿತ್ತು. ಬಾಯಿಗೆ ಬಂದೂ ಬಿಟ್ಟಿತ್ತು.

"ವರ್ನಾ," ಎಂದ. "ನಾನು ಇಳಿಜಾರಲ್ಲಿದೀನಿ. ಚೈನಿಲ್ಲ. ನಿಲ್ಸಕ್ಕಾಗ್ತಿಲ್ಲ."

"ಯಾವ ಫಲಕ?"

"ಗೊತ್ತಿಲ್ಲ."

"ಏನಂದೆ?"

"ಎಲ್ಲಿದೀನಿ ಅಂತ ಗೊತ್ತಿಲ್ಲ ವರ್ನಾ. ನಲವತ್ತನಾಲ್ಕರಿಂದ ಈಚೆಗೆ ಒಂದು ಫಲಕಾನೂ ನೋಡಿಲ್ಲ. ಸುಮ್ಮನೆ ಹೇಳ್ತಿದ್ದೆ."

ವರ್ನಾ ತನ್ನ ಭಾಷೆಯಲ್ಲಿ ಎರಡು ಶಬ್ದ ಹೇಳಿದಳು. ಅವುಗಳ ಅರ್ಥ ಕಾರ್ನಿಗೆ ಗೊತ್ತಿರಲಿಲ್ಲ, ಕೇಳಬೇಕೆಂದೂ ಅನ್ನಿಸಲಿಲ್ಲ. ಆಮೇಲೆ ಮೈಕಿನಲ್ಲಿ ಎಂಜಿನ್ನು ಗರ್ಜಿಸಿತು, ಏನೋ ಮುರಿಯಿತು, ಸದ್ದು ನಿಂತುಹೋಯಿತು.

ಎಷ್ಟು ಹೊತ್ತೋ. ಬೂದು, ಇನ್ನಷ್ಟು ಬೂದು. ಕಾರ್ನಿ ರೈಲಿನ ಹಾರನ್ನನ್ನು ಒತ್ತಿ ಹಿಡಿದೇ ಇದ್ದ. ಬಲಕ್ಕೆ ತಿರುಗುವ ಕಡೆ, ಬೆಟ್ಟದ ಗೋಡೆಗೆ ಒತ್ತಿಕೊಂಡಂತೆ ಎರಡು ಹಳದಿ ಕಲೆಗಳು, ಮೊಟ್ಟೆಯ ನಡುವಿನ ಹಳದಿಯಂತೆ, ತೇಲಿಬಂದವು. ಹಳೆಯ ಬಲ್ಬುಗಳು. ವರ್ನಾ ತನ್ನ ಖಾಲಿ ಲಾರಿಯನ್ನು ಹಿಮದ ದಿಬ್ಬಕ್ಕೆ ಓರೆಯಾಗಿ ನುಗ್ಗಿಸಿದ್ದಳು. ಖಾಲಿ ಬರುವಾಗ ಬೆನ್ನ ಮೇಲೆ ಹೊತ್ತುಕೊಳ್ಳುವ ಟ್ರೈಲರಿನ ಬಾಲ ಮಾತ್ರ ರಸ್ತೆಗೆ ಚಾಚಿತ್ತು. ಕಾರ್ನಿ ಎಡಕ್ಕೆ, ಮರದ ತುದಿಗಳ ಕಡೆಗೆ, ಒಂದು ಗೇಣು ತಿರುಗಿಸಿದ. ಇನ್ನೊಂದು ಗೇಣು ಇರಲಿಲ್ಲ. ಬಲಗನ್ನಡಿ ಪಟ್ಟೆಂದು ಹಾರಿಹೋಯಿತು. ಹಿಂದೆ ದಿಮ್ಮಿಯೊಂದು ಕಬ್ಬಿಣಕ್ಕೆ ಉಜ್ಜಿ ಕಿರುಚಿತು. ಆಮೇಲೆ ಏನೂ ಇಲ್ಲ, ಹಿಮ ಮಾತ್ರ.

ಇಳಿಜಾರಿನ ಕೆಳಗೆ, ಸಪಾಟಾದ ಕಡೆ, ಲಾರಿ ತಾನಾಗಿ ಸುಸ್ತಾಗಿ ನಿಂತಿತು. ಕಾರ್ನಿ ಹಾರನ್ನು ಬಿಟ್ಟು ಮೈಕು ಎತ್ತಿಕೊಂಡ.

"ವರ್ನಾ?"

"ಬದುಕಿದೀನಿ," ಎಂದಿತು ರೇಡಿಯೋ. "ಕಾಫಿ ಚೆಲ್ಲೋಯ್ತು. ಗಾಡಿ ಸಿಕ್ಕೊಂಡಿದೆ. ಬಾಲ ರಸ್ತೇಲಿದೆ. ಡೇಲ್, ಕೇಳಿಸ್ತಿದೆಯಾ? ಬಾಲ ರಸ್ತೇಲಿದೆ. ನೀನು ಎಲ್ಲಿದೀಯ?"

"ಡೇಲ್!" ಎಂದ ಕಾರ್ನಿ.

"ಮಾವ," ಎಂದ ಡೇಲ್. ಅವನ ದನಿ ಹತ್ತು ವರ್ಷ ಚಿಕ್ಕದಾಗಿತ್ತು. "ನಾನೂ ಫಲಕ ನೋಡಿಲ್ಲ. ಎಲ್ಲಾ ಮೆತ್ಕೊಂಡಿತ್ತು. ನೀನು ಹೇಳಿದ್ದಕ್ಕೆ ಎರಡು ಕೂಡಿಸಿ ಹೇಳ್ತಾ ಬಂದೆ."

ಡೇಲ್‌ನ ಹಿಂದಿದ್ದ ಮೂರನೆಯ ಲಾರಿಯವನು ಡೇಲ್ ಹೇಳಿದ್ದಕ್ಕೆ ಮೂರು ಕೂಡಿಸಿದ್ದನಂತೆ. ಅದೂ ಆಗಲೇ ಗೊತ್ತಾಯಿತು. ಮೂವತ್ತೊಂದು ವರ್ಷದ ಅನುಭವಿ ಸಂಖ್ಯೆ ಹೇಳಿದ ಮೇಲೆ ಹಿಮದಲ್ಲಿ ಇಳಿದು ಒರೆಸಿ ಓದುವ ಬಡ್ಡಿಮಗ ಯಾರು?

"ನಿಲ್ಲು," ಎಂದ ಕಾರ್ನಿ. "ಎಲ್ಲಿದ್ರೆ ಅಲ್ಲೇ. ಇಬ್ರೂ."

"ನಿಲ್ಸಿದೆ. ನಿಂತಿದೆ ಅನ್ಸುತ್ತೆ."

"ಅನ್ಸೋದು ಬೇಡ. ಇಳಿದು ಚಕ್ರ ನೋಡು. ಆಮೇಲೆ ಮುಂದಕ್ಕೆ ನಡ್ಕೊಂಡು ಹೋಗಿ ನೋಡು."

ಅವನು ಇಳಿದು ನಡೆದು ಬರುವ ತನಕ ರೇಡಿಯೋ ಖಾಲಿ ಬಾವಿಯಂತೆ ಸದ್ದು ಮಾಡಿತು. ಡೇಲ್‌ನ ಬಂಪರಿನಿಂದ ನಲವತ್ತು ಹೆಜ್ಜೆ ಮುಂದೆ ಬಯಲಿತ್ತು. ಬಯಲಿನಾಚೆ ರಸ್ತೆ ಕೆಳಕ್ಕೆ ಬಾಗಿತ್ತು.

ಕಾರ್ನಿ ಸಲಿಕೆ ತೆಗೆದುಕೊಂಡು ಇಳಿದು, ತಾನು ಜಾರಿಬಂದ ಇಳಿಜಾರನ್ನು ಕಾಲಿನಲ್ಲಿ ಹತ್ತತೊಡಗಿದ. ಅವನದೇ ಚಕ್ರದ ಗುರುತುಗಳು ಆಗಲೇ ಅರ್ಧ ಮುಚ್ಚಿಹೋಗಿದ್ದವು. ಬೆಳಕೂ ಮುಗಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಒಂದು ಕಂಬ ಸಿಕ್ಕಿತು. ಅಂಗಿಯ ತೋಳಿನಿಂದ ಫಲಕವನ್ನು ಉಜ್ಜಿದ. ಮೂವತ್ತೆರಡು. ಅದರ ಮೇಲಣ ತಿರುವಿನಲ್ಲಿ ಹಳದಿ ದೀಪಗಳು. ಅಂದರೆ ಮೂವತ್ತಮೂರರ ಅಗಲ ಜಾಗ ಅವಳಿಗೆ ಇನ್ನೂ ಸಿಕ್ಕಿರಲಿಲ್ಲ. ಅವನು ಅದನ್ನು ಯಾವಾಗಲೋ ದಾಟಿ ಬಂದಿದ್ದ.

ವರ್ನಾ ಬಾಗಿಲು ತೆರೆದಳು. ಹಣೆಯ ಮೇಲೆ ಒಂದು ಗಂಟು ಎದ್ದಿತ್ತು. ಅವಳು ಅವನನ್ನು ಬೈಯಲಿಲ್ಲ. ಅದರಿಂದ ಅವನಿಗೆ ಹೆಚ್ಚು ಭಯವಾಯಿತು. ಮೈಕನ್ನು ತಂತಿಸಮೇತ ಅವನ ಕಡೆ ಚಾಚಿದಳು.

"ಹೇಳು. ಮೇಲೆ ಇಬ್ರು ಕಾಯ್ತಿದಾರೆ. ಗಾಡಿ ಎಲ್ಲಿ ಸಿಕ್ಕೊಂಡಿದೆ ಅಂತ ನೀನೇ ಹೇಳು."

ಕಾರ್ನಿ ಒತ್ತಿದ. "ಮೂವತ್ತೆರಡು. ರಸ್ತೆ ಕಟ್ಟಿದೆ. ಯಾರೂ ಇಳೀಬೇಡಿ."

ಮೂವತ್ತೊಂದು ವರ್ಷದಲ್ಲಿ ಅವನ ಸಂಖ್ಯೆಗೆ ಇಷ್ಟು ಹೊತ್ತು ಉತ್ತರ ಬಾರದೆ ಇದ್ದುದಿಲ್ಲ.

"ಕಂಡಿದ್ದಾ ಮಾವ?" ಎಂದ ಡೇಲ್.

"ಕಂಡೆ. ಮುಟ್ಟಿ ನೋಡಿದೆ."

ಆಮೇಲೆ ಡೇಲ್‌ನ ದನಿ, ಮೆಲ್ಲಗೆ, ಮಾವನನ್ನು ಬಿಟ್ಟು:

"ವರ್ನಾ, ಹೌದಾ?"