ಫೋನಿನೊಳಗಿನ ಫೌಜದಾರ

ಝಳಕಿಯ ಚಮನಸಾಬನಿಗೆ ದನದ ದಲ್ಲಾಳಿಕೆ ಬರೀ ಹೊಟ್ಟೆಪಾಡಲ್ಲ, ಅದೊಂದು ಜಂಬ. ಇಂಡಿ, ಸಿಂದಗಿಯ ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವಾಗ, ಎದುರಿನವನ ಸುಳ್ಳು ಅವನ ಕೈಗೇ ತಿಳಿದುಬಿಡುತ್ತಿತ್ತು. ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಸವರಿ ತಂದವರು ಇವನನ್ನು ಕಂಡರೆ ಹಗ್ಗ ಹಿಡಿದು ಮೆಲ್ಲಗೆ ಜಾರುತ್ತಿದ್ದರು. ಇಂಥವನಿಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂದು ಊರವರೂ ಅಂದುಕೊಂಡಿದ್ದರು.

ಒಂದು ಮುಂಜಾನೆ ವಿಡಿಯೊ ಕರೆ ಬಂತು. ಎತ್ತಿದರೆ ಖಾಕಿ ಅಂಗಿ, ಹೆಗಲ ಮೇಲೆ ನಕ್ಷತ್ರ.

"ನಿನ್ನ ಮೇಲೆ ಬೆಂಗಳೂರಲ್ಲಿ ಕೇಸಾಗಿದೆ. ನೀನೀಗ ಅರೆಸ್ಟ್. ಫೋನಿನ ಮುಂದಿನಿಂದ ಏಳಬೇಡ, ಹೆಂಡತಿಗೂ ಹೇಳಬೇಡ" ಎಂದು ಆ ಫೌಜದಾರ ಗುಡುಗಿದ.

ಬೆಂಗಳೂರನ್ನು ಚಮನಸಾಬ ಕಂಡವನೇ ಅಲ್ಲ. ಆದರೆ ದಲ್ಲಾಳಿಯ ಬಾಯಿ ಎಂದ ಮೇಲೆ ಒಂದೆರಡು ಮಾತು ಹೆಚ್ಚುಕಡಿಮೆ ಆಗಿರುತ್ತವೆ. ಇಂಗಳೇಶ್ವರದ ಯಂಕಪ್ಪನಿಗೆ ಕೊಡಿಸಿದ ಎತ್ತು ಒದೆಯುತ್ತಿತ್ತು, ಅದನ್ನು ಇವನು ಹೇಳಿರಲಿಲ್ಲ. ಅವನೇ ಫಿರ್ಯಾದಿ ಕೊಟ್ಟನೋ ಏನೋ!

"ಯಾವ ಎತ್ತಿಂದ್ರಿ ಸಾಹೇಬ್ರ?"

"ಎತ್ತೂ ಅಲ್ಲ, ಕತ್ತೆಯೂ ಅಲ್ಲ! ನಿನ್ನ ಖಾತೆಗೆ ಕಳ್ಳ ದುಡ್ಡು ಬಂದಿದೆ. ಇರೋದನ್ನೆಲ್ಲ ನಮ್ಮ ಖಾತೆಗೆ ಹಾಕು. ಪರೀಕ್ಷೆ ಮಾಡಿ ಸಂಜೆ ವಾಪಸ್ ಕೊಡ್ತೀವಿ. ಬೇಗ!"

ಖಾತೆಯಲ್ಲಿದ್ದದ್ದು ಹೆಂಡತಿ ಅಬಿದಾಳ ಆಪರೇಷನ್ನಿಗೆ ಕೂಡಿಟ್ಟ ದುಡ್ಡು. ಎರಡೂ ಕಣ್ಣಿಗೆ ಪೊರೆ ಬಂದು ಅವಳಿಗೆ ಎದುರಿಗಿದ್ದವರ ಮುಖವೂ ಮಂಜು. ಬರುವ ವಾರ ವಿಜಯಪುರಕ್ಕೆ ಹೋಗುವುದಿತ್ತು.

ಸಂಜೆ ವಾಪಸ್ ಬರುವುದಾದರೆ ಕಳಿಸಿದರೇನು? ಕಳಿಸದೆ ಜೈಲಾದರೆ ಅವಳನ್ನು ಆಸ್ಪತ್ರೆಗೆ ಒಯ್ಯುವವರು ಯಾರು? ಪೊಲೀಸರು ಫೋನಿನೊಳಗೆ ಯಾರನ್ನೂ ಅರೆಸ್ಟ್ ಮಾಡುವುದಿಲ್ಲ, ತನಿಖೆಗೆಂದು ದುಡ್ಡು ಹಾಕಿಸಿಕೊಳ್ಳುವುದೂ ಇಲ್ಲ ಎಂದು ಇದೇ ಮಹಾಶಯ ಚಹಾದಂಗಡಿಯಲ್ಲಿ ಮಂದಿಗೆ ಬುದ್ಧಿ ಹೇಳಿದ್ದ. ಖಾಕಿ ಕಂಡದ್ದೇ ತಡ, ಎಲ್ಲ ಮರೆತು ಕೂತ. ಸುಳ್ಳೋ ನಿಜವೋ ಹಿಡಿದು ನೋಡೋಣವೆಂದರೆ ಆ ಕಡೆಯವನ ಬೆರಳೂ ಸಿಗುವಂತಿರಲಿಲ್ಲ.

ಅಷ್ಟರಲ್ಲಿ ಅಬಿದಾ ಚಹಾ ಹಿಡಿದು ಬಂದಳು.

"ಏನದು ಸಪ್ಪಳ? ಅಲ್ಲಿ ಯಾರಿದ್ದಾರೆ?" ಎಂದ ಫೌಜದಾರ.

"ಯಾರೂ ಇಲ್ರಿ ಸಾಹೇಬ್ರ. ನಾ ಒಬ್ಬನ ಅದೇನಿ."

ಅಬಿದಾಳ ಎದೆಗೆ ಚುಚ್ಚಿದಂತಾಯಿತು. "ಹಂಗಾರ ನಾ ಯಾರ್ರಿ?"

ಹೊರಗೆ ಹೋಗು ಎಂದು ಚಮನಸಾಬ ಕೈಸನ್ನೆ ಮಾಡಿದ. ಅವಳಿಗೆ ಸನ್ನೆ ಕಾಣಲಿಲ್ಲ, ಖಾಕಿಯೂ ಕಾಣಲಿಲ್ಲ. ಕೇಳಿಸಿದ್ದು ಒಂದೇ: ಯಾವನೋ ಒಬ್ಬ ತಾನು ಪೊಲೀಸ್ ಎಂದು ಹೇಳಿಕೊಂಡು, ದುಡ್ಡು ಹಾಕು, ಬೇಗ ಹಾಕು, ಹೆಂಡತಿಗೆ ಹೇಳಬೇಡ ಎನ್ನುತ್ತಿದ್ದ.

"ಹೆಂಡ್ತಿಗೆ ಹೇಳಬ್ಯಾಡ ಅನ್ನಾಂವ ಎಂಥಾ ಪೊಲೀಸ? ಕಳ್ಳ ಅದಾನಂವ!"

ದನಿ ಬಂದ ಕಡೆ ತಡಕಾಡಿ ಮೊಬೈಲ್ ಕಸಿದುಕೊಂಡಳು. ಬಂದ್ ಮಾಡುವುದು ಅವಳಿಗೆಲ್ಲಿ ಗೊತ್ತು? ಜೋಳದ ಹಿಟ್ಟಿನ ಡಬ್ಬಿಯೊಳಗೆ ಒತ್ತಿ ಮುಚ್ಚಳ ಹಾಕಿದಳು. ಫೌಜದಾರ ಹಿಟ್ಟಿನೊಳಗೇ ಒಂದಿಷ್ಟು ಹೊತ್ತು ಗದರಿ ಸುಮ್ಮನಾದ.

ಬಾಗಿಲು ತೆರೆದೇ ಇತ್ತು. ಏಳಬೇಡ ಎಂದಿದ್ದ ಜಾಗದಲ್ಲೇ ಚಮನಸಾಬ ಮಾತ್ರ ಇನ್ನೂ ಕೂತಿದ್ದ.

"ಅಬಿದಾ, ಅಂವ ಖರೇ ಪೊಲೀಸ ಇದ್ದಿದ್ರ?"

ಬೈಯಬೇಕೆಂದು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಇನ್ನೂ ಮೆಲ್ಲಗೆ ಕೇಳಿದ:

"ನಾ ಈಗ ಏಳ್ಲೇನ?"

ಅಬಿದಾಳಿಗೆ ಅಳು ತಡೆಯಲಾಗಲಿಲ್ಲ.