ಒತ್ತಕ್ಷರ ಉದುರಿದ ಹಾಡುಗಳು

ಹೊಸ ಫೋನು ಕೈಗೆ ಬಂದರೆ ಈಗ ನನಗೆ ಸಂತೋಷಕ್ಕಿಂತ ಮೊದಲು ದಣಿವಾಗುತ್ತದೆ. ಹಳೆಯದರಲ್ಲಿದ್ದ ಫೋಟೊ, ನಂಬರು, ಪಾಸ್‌ವರ್ಡುಗಳನ್ನೆಲ್ಲ ಮನೆ ಖಾಲಿ ಮಾಡುವವರ ಹಾಗೆ ಹೊತ್ತು ಸಾಗಿಸಬೇಕು. ಮೊದಲು ಹೀಗಿರಲಿಲ್ಲ. ಆಳಂದದಲ್ಲಿ ಓದುತ್ತಿದ್ದಾಗ ಕಲಬುರಗಿಯಿಂದ ಹಳೆಯ ಕಂಪ್ಯೂಟರೊಂದನ್ನು ಬಸ್ಸಿನಲ್ಲಿ ತಂದೆ. ದಾರಿಯುದ್ದಕ್ಕೂ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ, ಕಾಲು ಜೋಮು ಹಿಡಿದರೂ ಕೆಳಗಿಳಿಸಿರಲಿಲ್ಲ. ಮುಂದೆ ಜೇವರ್ಗಿಯಲ್ಲಿ ಕೆಲಸಕ್ಕಿದ್ದಾಗ ಊರಲ್ಲಿ ಯಾರ ಯಂತ್ರ ಕೆಟ್ಟರೂ ಕರೆಯುವ ಮೊದಲೇ ಸ್ಕ್ರೂಡ್ರೈವರ್ ಹಿಡಿದು ಹೊರಡುತ್ತಿದ್ದೆ. ಈಗ ಅಫಜಲಪುರದಲ್ಲಿ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ. ಕುತ್ತಿಗೆ ನೋವಿದೆ. ಬೆಳಿಗ್ಗೆ ಹೋದರೆ ಎಲ್ಲ ಯಂತ್ರಗಳೂ ಒಟ್ಟಿಗೆ ಅಪ್‌ಡೇಟ್ ಕೇಳುತ್ತಿರುತ್ತವೆ. ನಿನ್ನೆ ಕಲಿತದ್ದು ಇವತ್ತು ಬೇರೆ ಮೆನುವಿನಲ್ಲಿ ಅಡಗಿಕೊಂಡಿರುತ್ತದೆ. ಬೀದಿಯವರೂ ನೆಂಟರೂ ಫೋನು ಹಿಡಿದು ಬಾಗಿಲಿಗೆ ಬಂದರೆ, ಮನೆಯಲ್ಲಿಲ್ಲ ಎಂದು ಹೇಳಿಸಿಬಿಡಬೇಕೆನಿಸುತ್ತದೆ.

ಹೋದ ಬೇಸಿಗೆಯಲ್ಲಿ ಅಕ್ಕೋರು ಬಂದಾಗಲೂ ನನ್ನ ಮನಸ್ಸು ಹಾಗೆಯೇ ಇತ್ತು. ಆಳಂದದ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ನಿವೃತ್ತಿಯಾದ ಮೇಲೆ ಭೀಮಾ ದಂಡೆಯ ಮಣ್ಣೂರಿನಲ್ಲಿ ತಂಗಿಯ ಮನೆಯವರ ಜೊತೆ ಇದ್ದಾರೆ. ಅಲ್ಲಿ ಸುಮ್ಮನೆ ಕೂರದೆ ಊರಿನ ಮುದುಕಿಯರಿಂದ ಬೀಸುವಾಗಿನ ಹಾಡುಗಳನ್ನು ಕೇಳಿ ಕೇಳಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದರು. ಟೈಪಿಂಗ್ ಕಲಿಸಿದವನು ನಾನೇ. ಅವರ ಮನೆಯಲ್ಲಿ ಕರೆಂಟು ಹೆಚ್ಚುಕಡಿಮೆಯಾಗಿ ಒಂದು ದಿನ ಕಂಪ್ಯೂಟರು ಸತ್ತೇಹೋಯಿತಂತೆ. ಅದರ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಬಸ್ಸಿಳಿದು ಬಂದಿದ್ದರು.

ಡಬ್ಬಿ ಬಿಚ್ಚಿ ಡಿಸ್ಕನ್ನು ಹೊರತೆಗೆದು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಒಂದಷ್ಟು ಭಾಗ ಹಾಳಾಗಿತ್ತು, ಆದರೆ ಹಾಡಿನ ಫೈಲುಗಳು ಸಿಕ್ಕವು. ಅಕ್ಕೋರು ಕನ್ನಡಕ ಏರಿಸಿ ಮುಂದೆ ಬಾಗಿದರು. ಪರದೆಯ ತುಂಬ ಕನ್ನಡವೇ ಇರಲಿಲ್ಲ. ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಅರ್ಥವಿಲ್ಲದೆ ಸಾಲುಗಟ್ಟಿದ್ದವು.

ಅಕ್ಕೋರು ಟೈಪ್ ಮಾಡಿದ ಕಾಲದಲ್ಲಿ ಕನ್ನಡದ ಫಾಂಟುಗಳು ಹಾಗೇ ಇದ್ದವು. ಒಳಗೆ ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ರೂಪ. ಆ ಫಾಂಟು ಇಲ್ಲವಾದರೆ ಕನ್ನಡವೂ ಇಲ್ಲ. ಅಕ್ಕೋರ ಫಾಂಟು ಡಿಸ್ಕಿನ ಹಾಳಾದ ಭಾಗದಲ್ಲೇ ಇತ್ತು. ಅದನ್ನು ಕೊಟ್ಟಿದ್ದ ಟೈಪಿಂಗ್ ಅಂಗಡಿ ಯಾವಾಗಲೋ ಮುಚ್ಚಿತ್ತು. ಹಳೆಯ ಬರಹವನ್ನು ಈಗಿನ ಕನ್ನಡಕ್ಕೆ ಬದಲಿಸುವ, ಬೇರೆ ಫಾಂಟಿಗಾಗಿ ಮಾಡಿದ ತಂತ್ರಾಂಶವೊಂದನ್ನು ಹುಡುಕಿ ಓಡಿಸಿದೆ. ಕನ್ನಡ ಬಂತು, ಆದರೆ ಅರ್ಕಾವತ್ತುಗಳು ಜಾಗ ಬಿಟ್ಟಿದ್ದವು, ಒತ್ತಕ್ಷರಗಳು, ಕೆಲವೆಡೆ ಮೂಲ ಅಕ್ಷರದ ಸಮೇತ, ಉದುರಿ ಅವುಗಳ ಜಾಗದಲ್ಲಿ ಖಾಲಿ ಚೌಕಗಳು ಕೂತಿದ್ದವು. ಇಷ್ಟೇ ಸಾಧ್ಯ ಎಂದು ಹೇಳಿದೆ. ಅಕ್ಕೋರು ಕೌದಿಯನ್ನು ಮಡಚಿಟ್ಟರು. ಆಮೇಲೆ, ಹಾಡಿದವರಲ್ಲಿ ಒಬ್ಬಾಕೆ ಇನ್ನೂ ಇದ್ದಾಳೆ, ಒಮ್ಮೆ ಮಣ್ಣೂರಿಗೆ ಬಾ ಎಂದರು. ಆಗುವುದಿಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಭಾನುವಾರ ಲ್ಯಾಪ್‌ಟಾಪ್ ಹಿಡಿದು ಹೋದೆ. ಹಾಡು ಗೊತ್ತಿದ್ದ ಆ ಮುದುಕಿಯ ಮನೆ ಅಕ್ಕೋರ ಮನೆಯ ಹಿಂದಿನ ಓಣಿಯಲ್ಲಿತ್ತು. ಊರವರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು. ಕಿವಿ ಮಂದ, ಕಣ್ಣು ಮಾತ್ರ ಚುರುಕು. ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಅಕ್ಕೋರು ಅವಳ ಕಿವಿಯ ಹತ್ತಿರ ಹೋಗಿ, ಪರದೆ ನೋಡುತ್ತ ಒಂದೊಂದೇ ಸಾಲನ್ನು ಜೋರಾಗಿ ಹಾಡುವುದು, ತಪ್ಪಿದ್ದಲ್ಲಿ ಅವಳು ತಡೆಯುವುದು, ನಾನು ತಿದ್ದುವುದು. ಹೀಗೆ ಮಧ್ಯಾಹ್ನವೆಲ್ಲ ಹೋಯಿತು. ನನ್ನ ಬೆನ್ನು ಸೆಟೆದುಕೊಂಡಿತ್ತು.

ಒಂದು ಹಾಡು ಪಂಚಮಿಗೆ ತವರಿನಿಂದ ಕರೆಯಲು ಬರುವ ತಮ್ಮನದು. ಅಕ್ಕೋರು ಹಾಡಿದರು:

ತೊಗರೀಯ ಸಾಲಾಗ ಹಾದಿ ನೋಡಿದೆನವ್ವ
ತವರೀನ ತಮ್ಮ ಬರಲಿ

ಆಯಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು.

"ಬರಲಿ ಅಲ್ಲ ಬೇ. ಬರಲಿಲ್ಲ."

ಅಕ್ಕೋರು ಪರದೆ ನೋಡಿದರು, ನಾನೂ ನೋಡಿದೆ. 'ಬರಲಿ' ಆದ ಮೇಲೆ ಒಂದು ಖಾಲಿ ಚೌಕವಿತ್ತು. ಪದ ಪೂರ್ತಿಯಾಗಿಯೇ ಕಂಡದ್ದರಿಂದ ಅದನ್ನು ನಾವಿಬ್ಬರೂ ಕಸವೆಂದುಕೊಂಡಿದ್ದೆವು.

"ಬರಲಿ ಅಂದ್ರೂ ಹೊಂದತೈತಲ್ಲ, ಆಯಿ," ಎಂದರು ಅಕ್ಕೋರು.

"ಹ್ಯಾಂಗ ಹೊಂದತೈತಿ? ಪದಾ ಕಟ್ಟಿದಾಕಿ ನಾ. ನನ್ನ ತಮ್ಮ ಬರಲಿಲ್ಲ."

ಹಾಡನ್ನು ಅವಳೇ ಕಟ್ಟಿದ್ದೆಂದು ಅಕ್ಕೋರಿಗೂ ಗೊತ್ತಿರಲಿಲ್ಲ. ಹಿಂದಿನಿಂದ ಬಂದದ್ದೆಂದೇ ಬರೆದುಕೊಂಡಿದ್ದರು. ಮೆಲ್ಲಗೆ ಕೇಳಿದ ಮೇಲೆ ಆಯಿ ಹೇಳಿದಳು. ಮದುವೆಯಾದ ಹೊಸದು. ಪಂಚಮಿಯ ಮುಂದೆ ತೊಗರಿ ಹೊಲದ ಬದುವಿನಲ್ಲಿ ನಿಂತು ದಿನಾ ಹಾದಿ ಕಾದಿದ್ದಳು. ತವರಿನಿಂದ ಯಾರೂ ಬರಲಿಲ್ಲ. ಅತ್ತೆಮನೆಯವರು ಆಡಿಕೊಂಡರು. ಸಿಟ್ಟಿನಲ್ಲಿ ಬೀಸುತ್ತ ಬೀಸುತ್ತ ಕಟ್ಟಿದ ಹಾಡದು. ಹೊಳೆ ತುಂಬಿತ್ತೆಂದೂ ತಮ್ಮ ಆಚೆ ದಂಡೆಯವರೆಗೆ ಬಂದು, ನಿಂತು ನೋಡಿ, ತಿರುಗಿ ಹೋಗಿದ್ದನೆಂದೂ ಅವಳಿಗೆ ತಿಳಿದದ್ದು ದೀಪಾವಳಿಯ ಹೊತ್ತಿಗೆ.

"ತಿಳಿದ ಮ್ಯಾಲ ಪದಾ ತಿದ್ದಲಿಲ್ಲೇನ ಆಯಿ?" ಎಂದು ನಾನು ಕೇಳಿದೆ.

"ಯಾಕ ತಿದ್ದಲಿ? ಬಂದಿದ್ದು ಆ ದಂಡೀಗಿ. ನಾ ನಿಂತಿದ್ದು ಈ ದಂಡಿ ಮ್ಯಾಲ." ಶೇಂಗಾದ ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. "ನೀ ಸುಮ್ನ ಬರಕೋಪಾ."

ಚೌಕವನ್ನು ಅಳಿಸಿ 'ಲ್ಲ' ಒತ್ತಿದೆ. ಸಾಲನ್ನು ಮತ್ತೊಮ್ಮೆ ಓದಿ ಫೈಲನ್ನು ಉಳಿಸಿದೆ. ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂತರು, ಮುಂದಿನ ಹಾಡಿಗೆ ಹೋಗಲು ಅವರಿಗೆ ಮನಸ್ಸಾಗಲಿಲ್ಲ.

ಆಮೇಲೂ ಮಳೆಗಾಲದವರೆಗೆ ಬಿಡುವಾದಾಗಲೆಲ್ಲ ಹೋದೆ. ಆಯಿಗೆ ಬರುತ್ತಿದ್ದ ಹಾಡುಗಳೆಲ್ಲ ನೆಟ್ಟಗಾದವು. ಸತ್ತುಹೋದ ಇತರ ಹೆಂಗಸರ ಹಾಡುಗಳಲ್ಲಿ ಕೆಲವನ್ನು ಅಕ್ಕೋರು ನೆನಪಿನಿಂದ ತುಂಬಿದರು. ಉಳಿದವುಗಳಲ್ಲಿ ಚೌಕಗಳು ಹಾಗೇ ಇವೆ. ಊಹಿಸಿ ತುಂಬೋಣವೆಂದು ನಾನು ಅಂದಾಗ ಅವರು ಒಪ್ಪಲಿಲ್ಲ. ಗೊತ್ತಿಲ್ಲದ್ದು ಗೊತ್ತಿಲ್ಲದ ಹಾಗೇ ಇರಲಿ ಎಂದರು.

ಕೊನೆಯ ದಿನ ಹೊಸ ಫೈಲುಗಳನ್ನು ಅವರ ಫೋನಿಗೆ ಹಾಕಿಕೊಟ್ಟೆ. ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದರು.

"ಇವು ಎಷ್ಟು ದಿನ ಬಾಳತಾವಪಾ?"

"ಈಗಿನ ಅಕ್ಷರ ಎಲ್ಲಾ ಕಡಿ ಒಂದೇ ರೀ. ಆದ್ರ ಖಾತ್ರಿ ಹೇಳಾಕ ಬರಂಗಿಲ್ರಿ."

ಅವರು ತಲೆಯಾಡಿಸಿದರು. ಚಹಾ ಕುಡಿದೇ ಹೋಗು ಎಂದರು, ಕುಡಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಗೆ ಕಬ್ಬಿನ ಹೊಲಗಳ ಮೇಲೆ ತುಂತುರು ಬೀಳುತ್ತಿತ್ತು. ಯಾರೋ ಫೋನು ಮಾಡಿ ತಮ್ಮ ಪ್ರಿಂಟರು ನಡೆಯುತ್ತಿಲ್ಲ ಎಂದರು. ನಾಳೆ ನೋಡುತ್ತೇನೆಂದು ಹೇಳಿ ಕಣ್ಣು ಮುಚ್ಚಿದೆ. ಅಫಜಲಪುರ ಬಂದಾಗ ಕಂಡಕ್ಟರು ಭುಜ ಅಲುಗಾಡಿಸಿ ಎಬ್ಬಿಸಬೇಕಾಯಿತು.