ಸಾಮಾನು ಆಮ್ಯಾಲ, ಮದ್ಲ ಮನಿ ಹೇಳು

ಹುಸೇನಪ್ಪ ಯಾವ ಯಂತ್ರವನ್ನೂ ಅಂಗೈಯಿಂದ ಮುಟ್ಟಿದ್ದನ್ನು ನಾನು ನೋಡಿಲ್ಲ. ಕೈ ತಿರುವಿ, ಬೆರಳುಗಳ ಹಿಂಬದಿಯನ್ನು ಮೆಲ್ಲಗೆ ತಾಗಿಸುತ್ತಿದ್ದ. ಮಗುವಿಗೆ ಜ್ವರ ಬಂದಿದೆಯೋ ಏನೋ ಎಂದು ತಾಯಿ ಕುತ್ತಿಗೆ ಮುಟ್ಟಿ ನೋಡುವ ಹಾಗೆ. ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವವರ ಹಳೆಯ ರೂಢಿ ಅದು. ಅಂಗೈಯಲ್ಲಿ ಹಿಡಿದಾಗ ಕರೆಂಟು ಹೊಡೆದರೆ ಬೆರಳುಗಳು ತಾವೇ ಮಡಚಿಕೊಂಡು ಯಂತ್ರವನ್ನು ಬಿಗಿಯಾಗಿ ಹಿಡಿದುಬಿಡುತ್ತವೆ. ಕೈಯ ಹಿಂಬದಿಗೆ ಹೊಡೆದರೆ ಕೈ ತಾನಾಗಿ ಹಿಂದೆ ಬರುತ್ತದೆ. ಎಂಸಿಎ ಓದಿದ ನನಗೆ ಇದನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಹತ್ತನೇ ಇಯತ್ತೆ ಫೇಲಾದ ಹುಸೇನಪ್ಪ ಹೇಳಿದ. ಹೇಳಿದವನು ಅವನೆಂಬ ಒಂದೇ ಕಾರಣಕ್ಕೆ ನಾನು ಬಹಳ ದಿನ ಅದನ್ನು ನಂಬಲಿಲ್ಲ.

ತೆಲುಗು ಸೀಮೆಯ ಗಡಿಯಲ್ಲಿರುವ ಮಕ್ತಲ್ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನನ್ನ ಅವ್ವ ಮಣ್ಣು ಹೊರುವ ಕೂಲಿ ಗುಂಪಿನ ಜೊತೆ ಊರೂರು ತಿರುಗಿ ನನ್ನನ್ನು ಓದಿಸಿದಳು. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಮೊದಲು ಕಣ್ಣಿಂದ ಕಂಡವನು ನಾನು. ಅದು ಇಂದಿಗೂ ನಾರಾಯಣಪೇಟೆಯ ನಮ್ಮ ಮನೆಯ ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲಿ, ಗಾಜಿನೊಳಗಿದೆ. ನಾನು ಅದೇ ಊರಿನ ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಜಂಬಪಡುವಷ್ಟು ಕಷ್ಟಪಟ್ಟಿದ್ದೇನೆ.

ಹುಸೇನಪ್ಪ ಫೇಲಾದ ವರ್ಷವೇ ಮಕ್ತಲ್ ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರು ಸುತ್ತುವ ಅಂಗಡಿ ಸೇರಿದ. ಧರೂರಿನ ಕಾಲುವೆ ದಂಡೆಯ ಪಂಪುಗಳೆಲ್ಲ ಅವನ ಕೈ ಕೆಳಗೆ ಬಂದುಹೋದವು. ಆಮೇಲೆ ಅಂಗಡಿ ಅವನದೇ ಆಯಿತು. ಯಾರೋ ಕೆಟ್ಟ ಕಂಪ್ಯೂಟರೊಂದನ್ನು ಗುಜರಿಗೆ ಹಾಕುವ ಮೊದಲು ಇವನ ಕಟ್ಟೆಯ ಮೇಲಿಟ್ಟು ಹೋದರು. ಇವನು ಅದನ್ನು ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ನಾಲ್ಕು ವರ್ಷದಲ್ಲಿ ತಾಮ್ರದ ತಂತಿಯ ಉಂಡೆಗಳು ಮೂಲೆ ಸೇರಿ, ಗೋಡೆಯ ತುಂಬ ಗ್ರಾಫಿಕ್ಸ್ ಕಾರ್ಡುಗಳ ಖಾಲಿ ಡಬ್ಬಿಗಳು ಏರಿದವು. ಮರಿಕಲ್, ಗುಂಡುಮಾಲ್, ಗದ್ವಾಲ್, ಎಲ್ಲ ಕಡೆಯ ಹುಡುಗರೂ ಗೇಮಿನ ಕಂಪ್ಯೂಟರ್ ಕಟ್ಟಿಸಲು ಅವನಲ್ಲಿಗೇ ಹೋಗತೊಡಗಿದರು.

ಅವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರು. ಒಮ್ಮೆ ತರಗತಿಯಲ್ಲಿ ಒಬ್ಬ ಎದ್ದು ನಿಂತು, ಕಂಪ್ಯೂಟರಿಗೆ ಯಾವ ಭಾಗವನ್ನು ಮೊದಲು ಆರಿಸಬೇಕು ಎಂದು ಕೇಳಿದ. ಪ್ರೊಸೆಸರ್ ಎಂದೆ. ಅದು ಯಂತ್ರದ ಮೆದುಳು, ಉಳಿದದ್ದೆಲ್ಲ ಅದರ ಹಿಂದೆ ಎಂದೆ. ಅವನು ಬರೆದುಕೊಳ್ಳಲಿಲ್ಲ. ಹುಸೇನಪ್ಪಣ್ಣ ಬೇರೆ ಹೇಳುತ್ತಾರೆ ಸಾರ್ ಎಂದು ಮೆಲ್ಲಗೆ ಅಂದು ಕೂತ. ಅಂದು ಸಂಜೆಯ ಚಹಾ ನನಗೆ ರುಚಿಸಲಿಲ್ಲ.

ಹುಸೇನಪ್ಪ ಬೇರೆ ಹೇಳುತ್ತಿದ್ದುದು ಏನೆಂದು ಸುತ್ತಲಿನ ಊರಿಗೆಲ್ಲ ಗೊತ್ತಿತ್ತು. ಯಾರು ಯಾವ ಪಟ್ಟಿ ತಂದರೂ ಅದನ್ನು ಮಡಚಿ ಕಟ್ಟೆಯ ಮೇಲಿಟ್ಟು, "ಸಾಮಾನು ಆಮ್ಯಾಲ. ಮದ್ಲ ಮನಿ ಹೇಳು" ಎನ್ನುತ್ತಿದ್ದ. ಮನೆಯ ಸೂರಿಗೆ ತಗಡೋ ಬಂಡೆಯೋ, ಕಿಟಕಿ ಯಾವ ದಿಕ್ಕಿಗೆ, ಹೊಲದ ಮೋಟಾರುಗಳು ಶುರುವಾದಾಗ ಮನೆಯ ದೀಪ ಮಂಕಾಗುತ್ತದೋ, ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ನೀರು ಹಾಕುತ್ತೀರೋ, ಮನೆಯಲ್ಲಿ ಯಾರು ಯಾರು ಇದ್ದೀರಿ. ಸಂಬಂಧ ಕೇಳಲು ಬಂದವರೂ ಇಷ್ಟು ವಿಚಾರಿಸುವುದಿಲ್ಲ. ಗಿರಾಕಿಗಳನ್ನು ಹಿಡಿಯುವ ಮಾತುಗಾರಿಕೆ ಇದು ಎಂದು ನಾನು ಸ್ಟಾಫ್ ರೂಮಿನಲ್ಲಿ ನಗೆಯಾಡುತ್ತಿದ್ದೆ.

ನನ್ನ ಮಗಳು ಸಹನಾ ಹನ್ನೆರಡನೇ ಇಯತ್ತೆಯ ಇಂಟರ್ ಮುಗಿಸಿದಾಗ ಮಾತು ಕೊಟ್ಟಂತೆ ಅವಳಿಗೆ ಗೇಮಿನ ಕಂಪ್ಯೂಟರ್ ಕಟ್ಟಿಕೊಡಬೇಕಾಯಿತು. ಮೂರು ವಾರ ಕೂತು ಪಟ್ಟಿ ಮಾಡಿದೆ. ಒಂದೊಂದು ಭಾಗಕ್ಕೂ ನಾಲ್ಕು ನಾಲ್ಕು ವೇಗದ ಪರೀಕ್ಷೆಯ ಅಂಕ ಹೋಲಿಸಿದೆ. ಅವಳ ಕಣ್ಣಿಗೆ ನಾನು ಬರೀ ಪಾಠ ಹೇಳುವವನಲ್ಲ, ಕಟ್ಟಬಲ್ಲವನೂ ಹೌದು ಎಂದು ಕಾಣಿಸಬೇಕಿತ್ತು. ಅವಳು ಪಟ್ಟಿಯನ್ನು ಪೂರ್ತಿ ಓದಿ, ಚೆನ್ನಾಗಿದೆ ಎಂದಳು. ಆಮೇಲೆ, "ಅಪ್ಪಾ, ಒಮ್ಮಿ ಹುಸೇನಪ್ಪ ಕಾಕಾಗ ತೋರ್ಸೋಣಲ್ಲ?" ಎಂದಳು.

ಹೋದೆವು. ಜನರೆದುರು ಅವನು ನನ್ನನ್ನು ಸಾರು ಎನ್ನುತ್ತಿದ್ದ, ಒಬ್ಬನೇ ಸಿಕ್ಕರೆ ಹಳೆಯ ಶಿವ್ಯಾ. ಅಂದು ಸಾರು ಎಂದು ಕುರ್ಚಿ ಒರೆಸಿ ಕೊಟ್ಟ. ನನ್ನ ಪಟ್ಟಿಯನ್ನೂ ಮಡಚಿ ಕಟ್ಟೆಯ ಮೇಲಿಟ್ಟ. ನನ್ನ ಮನೆ ಅವನಿಗೆ ಗೊತ್ತು, ಆದರೂ ಕೇಳಿದ.

"ಅವ್ವ ಟೀವಿಗೆ ಬಟ್ಟಿ ಹಾಕ್ತಾಳೇನು?"

ನಾವು ಬಂದದ್ದು ಟೀವಿ ಕೊಳ್ಳಲು ಅಲ್ಲ ಎಂದೆ. ಸಹನಾ ನಗುತ್ತ, "ಮಿಕ್ಸಿಗೂ ಹೊಲ್ದಾಳ ಕಾಕಾ. ಫ್ರಿಜ್ಜಿಗೆ ಎರಡು ಅದಾವ, ಹಬ್ಬಕ್ಕ ಬ್ಯಾರೆ" ಎಂದಳು. ಅವರಿಬ್ಬರೂ ನಕ್ಕರು. ನಾನು ನಗಲಿಲ್ಲ.

ಅವನು ಹೇಳಿದ್ದು ಇಷ್ಟೇ: ಗ್ರಾಫಿಕ್ಸ್ ಕಾರ್ಡ್ ಒಂದು ಮೆಟ್ಟಿಲು ಕೆಳಗಿನದು ಸಾಕು, ಪವರ್ ಸಪ್ಲೈ ಒಂದು ಮೆಟ್ಟಿಲು ಮೇಲಿನದಿರಲಿ, ಕ್ಯಾಬಿನೆಟ್ಟಿನ ನೆತ್ತಿಗೆ ಜಾಳಿಗೆ ಬೇಡ, ಗಟ್ಟಿ ತಗಡಿರಲಿ, ಗಾಳಿ ಮುಂದಿನಿಂದ ಬಂದು ಹಿಂದಕ್ಕೆ ಹೋಗಲಿ. ನಾನು ಆರಿಸಿದ್ದು ಪಕ್ಕಕ್ಕೆ ಗಾಜು, ನೆತ್ತಿಗೆ ಪೂರ್ತಿ ಜಾಳಿಗೆ ಇರುವ ಚಂದದ ಡಬ್ಬಿ. ಬಿಸಿಗಾಳಿ ಹಗುರ, ಅದು ಮೇಲಕ್ಕೇ ಏರುತ್ತದೆ, ಆದ್ದರಿಂದ ನೆತ್ತಿಯ ಜಾಳಿಗೆಯೇ ಶ್ರೇಷ್ಠ ಎಂದು ಮಗಳ ಮುಂದೆ, ಇಬ್ಬರು ಗಿರಾಕಿಗಳ ಮುಂದೆ, ಅವನಿಗೆ ಪಾಠ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಖರೆ ಐತಿ ಸಾರು. ಬಿಸಿಗಾಳಿ ಮ್ಯಾಲ ಹೋಗ್ತೈತಿ. ಮ್ಯಾಲ ಏನಿರ್ತೈತಿ, ನಾ ಅದನ್ನ ಕೇಳಾಕತ್ತೀನಿ."

ನಾನು ಪಟ್ಟಿ ಎತ್ತಿಕೊಂಡು ಬಂದುಬಿಟ್ಟೆ. ಹೈದರಾಬಾದಿಗೆ ಹೋಗಿ ಪಟ್ಟಿಯಲ್ಲಿದ್ದುದನ್ನು ಒಂದಕ್ಷರ ಬದಲಿಸದೆ ತಂದೆ. ಒಂದು ಭಾನುವಾರ ಬೆಳಗಿನಿಂದ ಕೂತು ನಾನೇ ಜೋಡಿಸಿದೆ. ಸ್ವಿಚ್ ಒತ್ತಿದಾಗ ಫ್ಯಾನುಗಳು ತಿರುಗಿ, ಗಾಜಿನೊಳಗೆ ನೀಲಿ ಬೆಳಕು ಹತ್ತಿತು. ಅವ್ವ ದೂರದಿಂದಲೇ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಸಹನಾ ನನ್ನ ಕೊರಳಿಗೆ ಜೋತುಬಿದ್ದಳು. ನಾನು ಮರುದಿನವೇ ಪೇಡೆ ತೆಗೆದುಕೊಂಡು ಮಕ್ತಲಿಗೆ ಹೋಗಿ ಹುಸೇನಪ್ಪನಿಗೆ ಫೋಟೋ ತೋರಿಸಿದೆ. ಪೇಡೆ ಕೊಡಲು ಹೋಗಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅವನು ಎರಡು ಪೇಡೆ ತಿಂದು, ಕೈ ಕೆಲಸ ಸಾಫ್ ಐತಿ ಎಂದ.

ಬಿಸಿಲು ಏರಿತು. ಕಂಪ್ಯೂಟರ್ ತನ್ನಷ್ಟಕ್ಕೆ ಆರತೊಡಗಿತು. ಆಟದ ನಟ್ಟನಡುವೆ, ಅವಳ ಜೊತೆಗಾರರು ಕಿವಿಯ ಹೆಡ್‌ಫೋನಿನಲ್ಲಿ ತೆಲುಗಿನಲ್ಲಿ ಕೂಗುತ್ತಿರುವಾಗ, ಪರದೆ ಕಪ್ಪಾಗುತ್ತಿತ್ತು. ಮುಂದಿನ ಸಲ ನಿನ್ನನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಅವಳ ತಂಡ ಹೇಳಿತ್ತು. ನಾನು ಮೆಮೊರಿ ಬದಲಿಸಿದೆ, ವಿಂಡೋಸ್ ಅಳಿಸಿ ಮತ್ತೆ ಹಾಕಿದೆ, ಕಾರ್ಡನ್ನು ಬಿಚ್ಚಿ ಕೂರಿಸಿದೆ. ಗುಣವಾಗಲಿಲ್ಲ. ಸಹನಾ ಪಕ್ಕದಲ್ಲಿ ಕೂತು ಸ್ಕ್ರೂಗಳನ್ನು ಹೆಕ್ಕಿ ಕೊಡುತ್ತಿದ್ದಳು. ಒಮ್ಮೆ ರೇಗಿದ್ದರೆ ಒಳ್ಳೆಯದಿತ್ತು.

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದರೆ ಬಾಗಿಲಲ್ಲಿ ಹುಸೇನಪ್ಪನ ಚಪ್ಪಲಿ. ಪಕ್ಕದಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬಿ. ಒಳಗೆ ಅವನು ನೆಲದ ಮೇಲೆ ಕೂತು ಅವ್ವ ಬಡಿಸಿದ ರೊಟ್ಟಿ ಪುಂಡಿಪಲ್ಯ ಉಣ್ಣುತ್ತಿದ್ದ. ಸಹನಾ ಫೋನು ಮಾಡಿದ್ದಳಂತೆ. ನನಗೆ ಹೇಳಿರಲಿಲ್ಲ. ಕೈ ತೊಳೆದು ಬಂದ ಅವನು ಓಡುತ್ತಿದ್ದ ಕಂಪ್ಯೂಟರಿನ ಬಳಿ ನಿಂತು, ಕೈ ತಿರುವಿ, ಅದರ ನೆತ್ತಿಯ ಮೇಲಿನ ಬಟ್ಟೆಗೆ ತಾಗಿಸಿದ.

ಆಗಷ್ಟೇ ನಾನು ಆ ಬಟ್ಟೆಯನ್ನು ಕಂಡೆ. ದಿನಾ ನೋಡುತ್ತಿದ್ದೆ, ಬಿಚ್ಚುವಾಗೆಲ್ಲ ನಾನೇ ಎತ್ತಿ ಪಕ್ಕಕ್ಕಿಟ್ಟಿದ್ದೆ, ಆದರೆ ಟೀವಿಯ ಬಟ್ಟೆ, ಮಿಕ್ಸಿಯ ಬಟ್ಟೆ ಕಣ್ಣಿಗೆ ಬೀಳುತ್ತವೆಯೇ? ಬೆಳಕು ಕಾಣಲೆಂದು ಗಾಜಿನ ಕಡೆ ಬಿಟ್ಟು, ಉಳಿದ ನೆತ್ತಿ, ಬೆನ್ನು, ಮಗ್ಗಲು ಎಲ್ಲವನ್ನೂ ಅವ್ವ ಒಪ್ಪವಾಗಿ ಮುಚ್ಚಿ ಹೊಲಿದಿದ್ದಳು. ನಾರಾಯಣಪೇಟೆಯ ಸೀರೆ, ದಟ್ಟ ಅಂಚು.

"ಇದು ಯಾವ ಸೀರಿ ಅವ್ವಾ?" ಎಂದು ಕೇಳಿದ ಹುಸೇನಪ್ಪ.

"ಶಿವರಾಜ ಮೊದಲ್ನೇ ಪಗಾರದಾಗ ತಂದದ್ದಪ್ಪಾ. ಉಡಾಕ ಮನಸ ಆಗ್ಲಿಲ್ಲ, ಪೆಟ್ಟಿಗ್ಯಾಗ ಇಟ್ಟಿದ್ದೆ. ಈಗ ಅವನ ಕೈಲೆ ಕಟ್ಟ್ಯಾನ, ಅದರ ಮ್ಯಾಲ ಧೂಳ ಬೀಳಬಾರದಲ್ಲ?"

ಸಹನಾ ತಲೆ ತಗ್ಗಿಸಿದಳು. ಅವಳು ಆಗಾಗ ಬಟ್ಟೆ ಸರಿಸುತ್ತಿದ್ದಳಂತೆ, ಅಜ್ಜಿ ಆಗಾಗ ಇಳಿಬಿಡುತ್ತಿದ್ದಳಂತೆ. ನನ್ನ ಬಾಯಿಗೆ ಬಂದ ಮಾತು ಹೊರಬೀಳುವ ಮೊದಲೇ ಹುಸೇನಪ್ಪ ನನ್ನ ರಟ್ಟೆ ಹಿಡಿದು ಅಂಗಳದ ನಲ್ಲಿಯ ಹತ್ತಿರ ಕರೆದೊಯ್ದ.

"ಶಿವ್ಯಾ, ಅವ್ವಗ ಹೇಳಬ್ಯಾಡ. ಹೇಳಿದ್ರ ಬಟ್ಟಿ ತಗೀತಾಳ, ಖರೆ. ಆಮ್ಯಾಲ ಆಕಿ ಅದರ ಹತ್ರ ಬರಂಗಿಲ್ಲ. ನಿನ್ನ ಹತ್ರನೂ ಜರಾ ಹೆದರಿಕೊಂತನ ಬರ್ತಾಳ."

ರಟ್ಟಿನ ಡಬ್ಬಿಯಲ್ಲಿದ್ದುದು ನೆತ್ತಿಗೆ ಗಟ್ಟಿ ತಗಡಿನ ಕ್ಯಾಬಿನೆಟ್. ಅದರೊಳಗೆ ಅವನು ಹೇಳಿದ್ದ ಪವರ್ ಸಪ್ಲೈ. ಯಾವಾಗ ತರಿಸಿದೆ ಎಂದು ಕೇಳಿದೆ. ನೀನು ಪಟ್ಟಿ ಎತ್ತಿಕೊಂಡು ಹೋದ ವಾರ ಎಂದ. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ನನ್ನ ಮನೆ, ನನ್ನ ಅವ್ವ, ನಾನು ಓದಿದ ಗಾಳಿಯ ಪಾಠ. ನನಗೆ ಕಾಣದ್ದು ಅವನಿಗೆ ಮೂವತ್ತು ಕಿಲೋಮೀಟರ್ ದೂರದಿಂದ ಕಂಡಿತ್ತು.

ಎರಡು ತಾಸಿನಲ್ಲಿ ಎಲ್ಲವನ್ನೂ ಹೊಸ ಡಬ್ಬಿಗೆ ದಾಟಿಸಿದ. ಅವ್ವನನ್ನು ಕರೆದು, ಇದರ ಅಳತೆ ಬೇರೆ, ಹಿಂದೆ ಮುಂದೆ ಬಿಟ್ಟು ನೆತ್ತಿ ಮತ್ತು ಒಂದು ಮಗ್ಗಲು ಮಾತ್ರ ಮುಚ್ಚಬೇಕು, ಅಂಚು ಎದುರಿಗೆ ಕಾಣಬೇಕು ಎಂದು, ದರ್ಜಿಗೆ ಅಳತೆ ಕೊಡುವವನ ಹಾಗೆ ಹೇಳಿದ. ಅವ್ವ ಗೇಣಿನಿಂದ ಅಳೆದುಕೊಂಡಳು. ಹೊರಡುವಾಗ ಸಹನಾಳ ತಲೆ ಮುಟ್ಟಿ, "ನಿಮ್ಮಪ್ಪ ಆರಿಸಿದ್ದು ಒಂದೂ ತಪ್ಪಿಲ್ಲವ್ವಾ. ಬ್ಯಾರೆ ಯಾರ ಮನ್ಯಾಗ ಇಟ್ಟಿದ್ರೂ ಕುದುರಿಯಂಗ ಓಡ್ತಿತ್ತು" ಎಂದ. ಅವಳು ಅವನನ್ನು ನೋಡಿದ ಆ ನೋಟ ನನಗೆ ಸಿಗಲಿ ಎಂದೇ ನಾನು ಮೂರು ವಾರ ಕೂತು ಪಟ್ಟಿ ಬರೆದದ್ದು.

ಕಂಪ್ಯೂಟರ್ ಆಮೇಲೆ ಒಮ್ಮೆಯೂ ಆರಲಿಲ್ಲ. ಅವಳ ತಂಡ ಮೊದಲ ಸಲ ಗೆದ್ದ ದಿನ ಅವಳು ಓಡಿಬಂದು ಫೋನು ಎತ್ತಿಕೊಂಡು ಕಾಕಾನಿಗೆ ಹೇಳಿದಳು. ನನಗೆ ಊಟಕ್ಕೆ ಕೂತಾಗ ಹೇಳಿದಳು.

ಹೋದ ವರ್ಷ ಹುಸೇನಪ್ಪ ಅಂಗಡಿಯನ್ನು ಗದ್ವಾಲಿಗೆ ಎತ್ತಿದ. ಹೊಸ ಅಂಗಡಿಯ ಉದ್ಘಾಟನೆಗೆ ಕರೆಯಲು ತಾನೇ ಬಂದಿದ್ದ. ಅಂಗಳದಲ್ಲಿ ನಿಂತು, ಒಳಗೆ ಬಾರದೆ, ಸ್ವಲ್ಪ ನಾಚಿಕೊಂಡು ಹೇಳಿದ:

"ಶಿವ್ಯಾ, ರಿಬ್ಬನ್ ನೀನ ಕತ್ತರಿಸ್ಬೇಕು ನೋಡು. ನಮ್ಮ ಬೆಂಚಿನ್ಯಾಗ ಓದಿದಾವ ನೀನೊಬ್ಬನ."

ಆಗಲಿ ಎಂದೆ. ಆ ದಿನ ಪರೀಕ್ಷೆಯ ಡ್ಯೂಟಿ ಇದೆ ಎಂದು ಹೋಗಲಿಲ್ಲ. ಡ್ಯೂಟಿ ಇರಲಿಲ್ಲ. ಕಾಲೇಜಿನ ಖಾಲಿ ಲ್ಯಾಬಿನಲ್ಲಿ ಸಂಜೆಯವರೆಗೆ ಕೂತಿದ್ದೆ. ಊರಿನವರೆಲ್ಲ ಅವನನ್ನು ಹೊಗಳುವ ಜಾಗದಲ್ಲಿ ಕತ್ತರಿ ಹಿಡಿದು ನಿಂತು ನಗುವುದು ನನ್ನಿಂದ ಆಗುತ್ತಿರಲಿಲ್ಲ.

ಅವ್ವ ಮತ್ತು ಸಹನಾ ಹೋಗಿಬಂದರು. ಮುಹೂರ್ತ ಮೀರಿದರೂ ಅವನು ರಿಬ್ಬನ್ ಮುಟ್ಟಗೊಡಲಿಲ್ಲವಂತೆ. ಪ್ರತಿ ಬಸ್ಸಿಗೂ ಎದ್ದು ರಸ್ತೆಗೆ ಬಂದು ನೋಡಿದನಂತೆ. ಮಧ್ಯಾಹ್ನ ದಾಟಿದ ಮೇಲೆ ಕತ್ತರಿಯನ್ನು ಅವ್ವನ ಕೈಗೆ ಕೊಟ್ಟು, ಶಿವ್ಯಾನನ್ನು ಹೆತ್ತವಳು ಕತ್ತರಿಸಿದರೆ ಅವನೇ ಕತ್ತರಿಸಿದ ಹಾಗೆ ಎಂದನಂತೆ. ಅವ್ವ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಸಹನಾ ಫೋಟೋ ತೋರಿಸಿದಳು. ಹೊಸ ಅಂಗಡಿಯ ಕಟ್ಟೆಯ ಮೇಲೆ ಅವನ ಸ್ವಂತ ಕಂಪ್ಯೂಟರ್, ಅದರ ನೆತ್ತಿಗೆ ಒಂದು ಹೊದಿಕೆ, ಎದುರಿಗೆ ಕಾಣುವ ದಟ್ಟ ಅಂಚು. ನನ್ನ ಮೊದಲ ಪಗಾರದ ಸೀರೆಯ ಉಳಿದರ್ಧ ಎಲ್ಲಿ ಹೋಯಿತೆಂದು ಆಗ ತಿಳಿಯಿತು.

ಮಕ್ತಲಿನ ಹಳೆಯ ಅಂಗಡಿಯಲ್ಲಿ ಈಗ ಚಪ್ಪಲಿ ಮಾರುತ್ತಾರೆ. ಹುಸೇನಪ್ಪ ಫೋನು ಮಾಡಿಲ್ಲ, ನಾನೂ ಮಾಡಿಲ್ಲ. ಇತ್ತೀಚೆಗೆ, ಹುಸೇನಪ್ಪನನ್ನು ಕಂಡಿರದ ಹೊಸ ವಿದ್ಯಾರ್ಥಿಗಳು ಪಟ್ಟಿ ಹಿಡಿದು ನನ್ನ ಬಳಿ ಬರುತ್ತಾರೆ. ಮನೆಗೆ ತಗಡೋ ಬಂಡೆಯೋ, ಟೀವಿಗೆ ಬಟ್ಟೆ ಹಾಕುವವರು ಯಾರಾದರೂ ಇದ್ದಾರೆಯೋ ಎಂದು ಕೇಳುತ್ತೇನೆ. ಸಾರ್‌ಗೆ ಎಷ್ಟು ಅನುಭವ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಾನು ಅವರ ಪಟ್ಟಿಯನ್ನು ಮಡಚಿ ಮೇಜಿನ ಮೇಲಿಡುತ್ತೇನೆ.

ದಿನಾ ಕಾಲೇಜಿನಿಂದ ಬಂದ ಕೂಡಲೇ, ಸಹನಾ ಆಟದಲ್ಲಿ ಮುಳುಗಿರುವಾಗ, ಕೈ ತಿರುವಿ ಬೆರಳುಗಳ ಹಿಂಬದಿಯನ್ನು ಆ ಕ್ಯಾಬಿನೆಟ್ಟಿನ ಬೆನ್ನಿಗೆ ತಾಗಿಸುತ್ತೇನೆ. ಸ್ವಲ್ಪ ಬಿಸಿಯಾಗಿದ್ದರೂ ಸಾಕು, ಗದ್ವಾಲಿನ ಬಸ್ಸು ಹತ್ತಲು ಒಂದು ನೆಪ ಸಿಗುತ್ತದೆ. ಈ ಬೇಸಿಗೆಯೂ ಕಳೆಯಿತು. ಅದು ತಣ್ಣಗೇ ಇದೆ.